ಸ್ಕಾಲರ್, ಶೋಧಗಂಗಾ, ಲೈಬ್ರರಿ, ಎಐ: ಒಂದೇ ಪ್ರಶ್ನೆ ಹಿಡಿದು ನಾಲ್ಕು ಕಡೆ ಹುಡುಕಿದೆ

ಎಂಎ ಕೊನೆಯ ಸೆಮಿಸ್ಟರ್‌ನಲ್ಲಿ ಡಿಸರ್ಟೇಶನ್‌ನ ಮೊದಲ ಅಧ್ಯಾಯ ಬರೆದು ಗೈಡ್ ಮೇಡಂ ಕೈಗೆ ಕೊಟ್ಟೆ. ಎರಡು ದಿನ ಬಿಟ್ಟು ವಾಪಸ್ ಬಂತು. ಮೂರು ಪುಟದಲ್ಲಿ ಹನ್ನೊಂದು ಕಡೆ ಕೆಂಪು ಪೆನ್ನಿನ ಸುತ್ತು. ಪ್ರತಿ ಸುತ್ತಿನ ಪಕ್ಕದಲ್ಲೂ ಒಂದೇ ಮಾತು: "ಆಧಾರ?"

ವಿಷಯ ನಮ್ಮ ಕಡೆಯದ್ದೇ. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದ ಮೇಲೆ ಮಂಡ್ಯದ ಹಳ್ಳಿಗಳಿಗೆ ಕಬ್ಬು ಹೇಗೆ ಬಂತು, ಕಬ್ಬಿನ ಹಿಂದೆ ಏನೇನು ಬದಲಾಯಿತು ಅನ್ನೋದು. ಮದ್ದೂರು ತಾಲ್ಲೂಕಿನವನು ನಾನು, ಆಲೆಮನೆ ಹೊಗೆ ಕುಡಿದೇ ಬೆಳೆದವನು. ಕಣ್ಣಾರೆ ಕಂಡಿದ್ದಕ್ಕೆ ಆಧಾರ ಯಾಕೆ ಅಂದುಕೊಂಡಿದ್ದೆ. ಮೇಡಂ ಒಪ್ಪಲಿಲ್ಲ. "ನೀನು ಕಂಡಿರೋದು 2005ರಿಂದ ಈಚೆಗೆ. ಬರೆದಿರೋದು 1935ರ ಬಗ್ಗೆ" ಅಂದರು. ಸರಿನೇ ಅಲ್ವಾ.

ಹಾಸ್ಟೆಲ್‌ಗೆ ಬಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಸಲಹೆ. ಗೂಗಲ್ ಸ್ಕಾಲರ್ ಸಾಕು ಅಂದ ಒಬ್ಬ. ಶೋಧಗಂಗಾ ಬಿಟ್ಟರೆ ಗತಿಯಿಲ್ಲ ಅಂದ ಇನ್ನೊಬ್ಬ. ಜೂನಿಯರ್ ಒಬ್ಬ "ಎಐ ಕೇಳಿ ಅಣ್ಣ, ಎರಡು ನಿಮಿಷ" ಅಂದ. ಯಾರ ಮಾತನ್ನೂ ಪೂರ್ತಿ ನಂಬದೆ ಒಂದೇ ಪ್ರಶ್ನೆಯನ್ನು ಎಲ್ಲ ಕಡೆ ಹಾಕಿ ನೋಡೋಣ ಅಂತ ಕೂತೆ. ಪ್ರಶ್ನೆ ಇಷ್ಟೇ: ನಾಲೆ ಬಂದ ಮೇಲೆ ಮಂಡ್ಯದ ಹಳ್ಳಿ ಹೇಗೆ ಬದಲಾಯಿತು? ಒಂದೊಂದಕ್ಕೆ ಒಂದೊಂದು ಸಂಜೆ.

ಮೊದಲು ಸ್ಕಾಲರ್. ಸಂಶೋಧನಾ ಲೇಖನ ಹುಡುಕಲು ಗೂಗಲ್ ಮಾಡಿದ ತಾಣ, 2004ರಿಂದ ಇದೆ, ಎಲ್ಲರಿಗೂ ಗೊತ್ತು, ದುಡ್ಡಿಲ್ಲ. ಇಂಗ್ಲಿಷ್‌ನಲ್ಲಿ ವಿಶ್ವೇಶ್ವರಯ್ಯ ಕೆನಾಲ್, ಮಂಡ್ಯ, ಶುಗರ್‌ಕೇನ್ ಅಂತ ಹೊಡೆದೆ. ಬಂದಿದ್ದೆಲ್ಲ ಈಚಿನ ಲೇಖನ. ನಾಲೆಯ ಸೋರಿಕೆ, ಮಣ್ಣಿನ ಚೌಳು, ಎಕರೆಗೆ ಎಷ್ಟು ಟನ್. ಇಂಜಿನಿಯರ್‌ಗಳಿಗೆ, ಕೃಷಿ ವಿಜ್ಞಾನಿಗಳಿಗೆ ಬೇಕಾದದ್ದು. ಹಳ್ಳಿಯ ಜನ ಅದರೊಳಗೆ ಎಲ್ಲೂ ಇಲ್ಲ. ಮೊದಲ ಸಂಜೆ ಹಾಗೇ ಹೋಯಿತು.

ಆ ಭಾನುವಾರ ಊರಿಗೆ ಹೋಗಿದ್ದೆ. ಜಗಲಿ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ತಾತ ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಾ "ಏನ್ಲಾ ಮಗ ಅದು, ಅಷ್ಟು ಹೊತ್ತಿಂದ" ಅಂದರು. ನಾಲೆ ಬಗ್ಗೆ ಹುಡುಕ್ತಾ ಇದ್ದೀನಿ ತಾತ, ಸಿಗ್ತಾ ಇಲ್ಲ ಅಂದೆ. "ಯಾವ ನಾಲೆ, ಇರ್ವಿನ್ ನಾಲೇನಾ?" ಅಂದರು ತಾತ.

ಅಷ್ಟೇ ಬೇಕಿತ್ತು. ಈಗಿನ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇದ್ದ ಹೆಸರು ಇರ್ವಿನ್ ನಾಲೆ, ಆಗಿನ ವೈಸ್‌ರಾಯ್ ಹೆಸರು. 1950ರಲ್ಲೋ 60ರಲ್ಲೋ ಬರೆದವರು ಆಗ ಬಳಕೆಯಲ್ಲಿದ್ದ ಹೆಸರನ್ನೇ ಬರೆದಿರುತ್ತಾರೆ, ನಮಗೆ ಅನುಕೂಲ ಆಗಲಿ ಅಂತ ಮುಂದೆ ಬರುವ ಹೆಸರು ಬರೆಯುತ್ತಾರಾ? ಇರ್ವಿನ್ ಕೆನಾಲ್ ಅನ್ನೋ ಎರಡು ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ವರ್ಷದ ಮಿತಿ 1980ಕ್ಕೆ ನಿಲ್ಲಿಸಿ ಹುಡುಕಿದೆ. ಪಟ್ಟಿಯ ಮುಖವೇ ಬದಲಾಯಿತು. ಮೈಸೂರಿಗೂ ಇದೇ ಪಾಡು. ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಹೊಸ ಕಾಗುಣಿತದಲ್ಲಿ ಮಾತ್ರ ಹುಡುಕಿದರೆ ಅದಕ್ಕೂ ಹಿಂದಿನ ಲೇಖನಗಳು ಕೈತಪ್ಪುತ್ತವೆ. ಬೆಲ್ಲಕ್ಕೂ ಅಷ್ಟೇ, ಇಂಗ್ಲಿಷ್ ಬರಹಗಳಲ್ಲಿ ಅದು ಜಾಗರಿಯೂ ಹೌದು, ಗುರ್ ಕೂಡ ಹೌದು.

ಆ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ 1962ರ ಪುಸ್ತಕ. 1950ರ ದಶಕದಲ್ಲಿ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದವರು ಅವರು. ಒಂದು ನಾಲೆ ನೀರು ಬಂದ ಹಳ್ಳಿ, ಇನ್ನೊಂದು ಬಾರದೇ ಉಳಿದ ಹಳ್ಳಿ. ನನ್ನ ಪ್ರಶ್ನೆಯನ್ನು ನಾನು ಹುಟ್ಟುವ ಮೊದಲೇ ಯಾರೋ ಕೇಳಿಬಿಟ್ಟಿದ್ದರು. ತಮಾಷೆ ಏನೆಂದರೆ ಆ ಹಳ್ಳಿಗಳ ಹೆಸರು ಪುಸ್ತಕದಲ್ಲಿ ವಂಗಲ, ದಲೇನ. ಎರಡೂ ಲೇಖಕಿ ಇಟ್ಟ ಹೆಸರು. ಅಂದಮೇಲೆ ನಿಜವಾದ ಊರಿನ ಹೆಸರು ಹಾಕಿ ಎಷ್ಟು ಹುಡುಕಿದರೂ ಯಾವ ಯಂತ್ರವೂ ಈ ಪುಸ್ತಕ ತೋರಿಸುವುದಿಲ್ಲ. ಸಮಾಜಶಾಸ್ತ್ರದಲ್ಲಿ ಇದು ರೂಢಿ.

ಸ್ಕಾಲರ್‌ನ ನಿಜವಾದ ಶಕ್ತಿ ಗೊತ್ತಾಗಿದ್ದು ಇಲ್ಲಿ. ಪುಸ್ತಕದ ಹೆಸರಿನ ಕೆಳಗೆ ಅದನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಅನ್ನುವ ಕೊಂಡಿ ಇರುತ್ತದೆ. ಒತ್ತಿದರೆ 1962ರಿಂದ ಮುಂದಕ್ಕೆ ಬರುತ್ತೀರಿ. ಪುಸ್ತಕದ ಕೊನೆಯ ಗ್ರಂಥಸೂಚಿ ಹಿಡಿದರೆ ಹಿಂದಕ್ಕೆ ಹೋಗುತ್ತೀರಿ. ಒಂದು ಒಳ್ಳೆಯ ಆಕರ ಸಿಕ್ಕರೆ ಸಾಕು, ಆಮೇಲೆ ಹುಡುಕುವುದು ಕಡಿಮೆ, ಹಿಂಬಾಲಿಸುವುದೇ ಜಾಸ್ತಿ.

ಇನ್ನು ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನೋ ಸಂಸ್ಥೆ ನಡೆಸುವ ಪಿಎಚ್‌ಡಿ ಪ್ರಬಂಧಗಳ ಉಗ್ರಾಣ. ಮಂಡ್ಯದ ಬಗ್ಗೆ ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲೇ ಆದ ಕೆಲಸ ಬೇಕಿದ್ದರೆ ಸ್ಕಾಲರ್‌ಗಿಂತ ಇದು ಮುಂದು, ಅದರಲ್ಲಿ ನನಗೆ ಅನುಮಾನವಿಲ್ಲ. ಪ್ರಬಂಧ ಇಲ್ಲಿ ಇಡಿಯಾಗಿ ಇರುವುದಿಲ್ಲ, ಅಧ್ಯಾಯಕ್ಕೊಂದರಂತೆ ಬಿಡಿ ಪಿಡಿಎಫ್. ಮೊದಲು ಕಿರಿಕಿರಿ ಅನ್ನಿಸಿತು. ಆಮೇಲೆ ಅದೇ ಅನುಕೂಲ ಆಯಿತು. ನಾನು ಕೊನೆಯ ಫೈಲ್, ಅಂದರೆ ಗ್ರಂಥಸೂಚಿ ಮಾತ್ರ ತೆಗೆಯುತ್ತಿದ್ದೆ. ಯಾರೋ ನಾಲ್ಕೈದು ವರ್ಷ ಕಷ್ಟಪಟ್ಟು ಮಾಡಿದ ಪಟ್ಟಿ, ಹತ್ತು ನಿಮಿಷಕ್ಕೆ ನಮ್ಮ ಕೈಯಲ್ಲಿ.

ನಾನು ಎಡವಿದ್ದೂ ಅಲ್ಲೇ. ಒಂದು ಪ್ರಬಂಧದ ಪಟ್ಟಿಯಿಂದ ಎಪ್‌ಸ್ಟೀನ್ ಪುಸ್ತಕದ ವಿವರವನ್ನು ಹಾಗೇ ಎತ್ತಿ ನನ್ನದಕ್ಕೆ ಹಾಕಿದೆ. ಅಲ್ಲಿ ವರ್ಷ 1966 ಅಂತಿತ್ತು. ಮೇಡಂ ನೋಡಿ ನಕ್ಕರು. "ಮೂಲ ನೋಡಿದ್ದೀಯಾ?" ನೋಡಿರಲಿಲ್ಲ. ತಪ್ಪು ವರ್ಷ ಬೆರಳಚ್ಚಿನ ಹಾಗೆ, ಯಾರಿಂದ ತಗೊಂಡೆ ಅಂತ ತಾನೇ ಹೇಳಿಬಿಡುತ್ತದೆ.

ಶೋಧಗಂಗಾದಲ್ಲಿ ಕನ್ನಡ ಪ್ರಬಂಧ ಓದುವವರಿಗೆ ಒಂದು ಮಾತು. ಹಳೆಯವು ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಯುನಿಕೋಡ್‌ಗೆ ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದವು. ಒಳಗೆ "ಕಬ್ಬು" ಅಂತ ಹುಡುಕಿದರೆ ಏನೂ ಬರುವುದಿಲ್ಲ. ಒಂದು ವಾಕ್ಯ ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪದ ಇಲ್ಲ ಅಂತ ಅಲ್ಲ, ಯಂತ್ರಕ್ಕೆ ಕಾಣುತ್ತಿಲ್ಲ ಅಷ್ಟೇ. ಪರಿವಿಡಿ ನೋಡಿ ಪುಟ ತಿರುಗಿಸಿಯೇ ಓದಬೇಕು.

ಮೂರನೆಯದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಲೈಬ್ರರಿ. ಕನ್ನಡ ಪುಸ್ತಕಕ್ಕೆ, ಹಳೆಯ ಗೆಜೆಟಿಯರ್‌ಗೆ, ಜನಗಣತಿ ಸಂಪುಟಕ್ಕೆ ಇದಕ್ಕೆ ಸಾಟಿ ಇನ್ನೊಂದಿಲ್ಲ. ಕನ್ನಡದ ಸಂಶೋಧನಾ ಪತ್ರಿಕೆಗಳು ಹೆಚ್ಚಿನವು ಕಂಪ್ಯೂಟರ್ ಕಂಡೇ ಇಲ್ಲ, ಸ್ಕಾಲರ್ ಪಾಪ ಎಲ್ಲಿಂದ ತರಬೇಕು? ಬೇಕಾದ ಪುಸ್ತಕದ ಸಂಖ್ಯೆ ಹಿಡಿದು ರ‍್ಯಾಕ್ ಹತ್ತಿರ ಹೋಗಿ, ಆದರೆ ಆ ಒಂದೇ ಪುಸ್ತಕ ತಗೊಂಡು ಬರಬೇಡಿ. ಅದರ ಎಡಕ್ಕೆ ಎರಡು ಅಡಿ, ಬಲಕ್ಕೆ ಎರಡು ಅಡಿ ನೋಡಿ. ನನ್ನ ಎರಡನೇ ಅಧ್ಯಾಯದ ಅರ್ಧ ಆಕರ ಸಿಕ್ಕಿದ್ದು ಹಾಗೆ. ಸುಸ್ತಾದರೆ ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇದೆ. ಒಂದು ಸುತ್ತು ಹಾಕಿ ಬಂದರೆ ತಲೆ ಹಗುರ.

ದುಡ್ಡು ಕಟ್ಟಿ ಓದಬೇಕಾದ ಜರ್ನಲ್‌ಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಜೆಸ್ಟೋರ್ ಅನ್ನೋ ಆನ್‌ಲೈನ್ ಜರ್ನಲ್ ಸಂಗ್ರಹದಲ್ಲಿ ಸ್ವಂತ ಖಾತೆ ಮಾಡಿಕೊಂಡರೆ ತಿಂಗಳಿಗೆ 100 ಲೇಖನದವರೆಗೆ ಪರದೆ ಮೇಲೆ ಬಿಟ್ಟಿ ಓದಬಹುದು. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯೂ ಇದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ಸರ್ಕಾರಿ ವಿದ್ಯಾಸಂಸ್ಥೆಗಳಿಗೆ. ಲಾಗಿನ್ ಹೇಗೆ ಅಂತ ನಿಮ್ಮ ಲೈಬ್ರರಿಯಲ್ಲೇ ಕೇಳಿ.

ಕೊನೆಗೆ ಎಐ. ಯಾವುದು ಅಂತ ಬೇಡ, ಎಲ್ಲರ ಫೋನಿನಲ್ಲೂ ಒಂದಲ್ಲ ಒಂದು ಇದೆ. ಮಂಡ್ಯದ ನೀರಾವರಿ ಬಗ್ಗೆ ಐದು ಲೇಖನ ಕೊಡು ಅಂದೆ. ಐದೂ ಕೊಟ್ಟಿತು. ಲೇಖಕರು, ವರ್ಷ, ಸಂಪುಟ, ಪುಟ, ಡಿಒಐ ಸಮೇತ. ನೋಡಲು ಮದುವೆ ಮನೆ ಎಲೆಯ ಹಾಗೆ ಎಲ್ಲ ಅದರದರ ಜಾಗದಲ್ಲಿ. ಡಿಒಐ ಅಂದರೆ ಲೇಖನದ ಕಾಯಂ ಗುರುತಿನ ಸಂಖ್ಯೆ, 10ರಿಂದ ಶುರುವಾಗುತ್ತದೆ. ಒಂದೊಂದನ್ನೇ ಬ್ರೌಸರ್‌ನಲ್ಲಿ ಹಾಕಿದೆ. ಎರಡು ತೆರೆಯಲೇ ಇಲ್ಲ. ಒಂದು ಮೂತ್ರಪಿಂಡದ ಕಾಯಿಲೆಯ ಲೇಖನಕ್ಕೆ ಹೋಯಿತು. ಒಂದರಲ್ಲಿ ಲೇಖಕ ನಿಜ, ಲೇಖನ ಸುಳ್ಳು. ಒಂದೇ ಒಂದು ಸರಿ ಇತ್ತು, ಅದು ನನಗೆ ಸ್ಕಾಲರ್‌ನಲ್ಲಿ ಆಗಲೇ ಸಿಕ್ಕಿದ್ದೇ. ಹಾಗಂತ ಪೂರ್ತಿ ದಂಡ ಅನ್ನುವುದಿಲ್ಲ. ಬೇರೆ ಯಾವ ಪದ ಹಾಕಿ ಹುಡುಕಲಿ ಅಂತ ಕೇಳಿದಾಗ ಕೆಲಸಕ್ಕೆ ಬಂತು. ಆಕರದ ಪಟ್ಟಿಗೆ ಮಾತ್ರ ಖಂಡಿತ ಬೇಡ.

ಹುಡುಕಿದ್ದಾಯಿತು, ಇಟ್ಟುಕೊಳ್ಳುವುದು ಎಲ್ಲಿ? ಮೊದಲ ತಿಂಗಳು 200 ಪುಟದ ನೋಟ್‌ಬುಕ್. ಪುಟಸಂಖ್ಯೆ ಬರೆದುಕೊಳ್ಳಲು ಇದಕ್ಕಿಂತ ವೇಗದ್ದು ಇನ್ನೂ ನನಗೆ ಸಿಕ್ಕಿಲ್ಲ. ಆದರೆ ಆಕರ ಬರೆಯುವ ಶೈಲಿ ಬದಲಾಯಿಸು ಅಂದರೆ ನೂರು ನಮೂದು ಮತ್ತೆ ಬರೆಯಬೇಕು. ಸ್ಕಾಲರ್‌ನ ಉಲ್ಲೇಖದ ಬಟನ್ ಒತ್ತಿದರೆ ಎಂಎಲ್ಎ, ಎಪಿಎ, ಶಿಕಾಗೋ ಶೈಲಿಗಳೆಲ್ಲ ತಯಾರು, ಒಂದೆರಡು ಇದ್ದರೆ ಅದೇ ಸಾಕು. ಐವತ್ತು ದಾಟಿದರೆ ಜೊಟೆರೋ ಅಥವಾ ಮೆಂಡೆಲಿಯಂಥ ಆಕರ ಕೂಡಿಡುವ ತಂತ್ರಾಂಶ ಬೇಕೇ ಬೇಕು.

ಎರಡನ್ನೂ ಮೂರು ಮೂರು ವಾರ ಬಳಸಿದೆ. ಮೆಂಡೆಲಿ 2013ರಿಂದ ಎಲ್ಸೆವಿಯರ್ ಪ್ರಕಾಶನದ್ದು. ಬಿಟ್ಟಿ ಕೊಡುವ ಜಾಗ 2 ಜಿಬಿ. ಜೊಟೆರೋ 2006ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ, ಆನ್‌ಲೈನ್ ಜಾಗ 300 ಎಂಬಿ ಮಾತ್ರ. ಪಿಡಿಎಫ್ ರಾಶಿ ಹಾಕುವವರಿಗೆ ಮೆಂಡೆಲಿ ಒಗ್ಗುತ್ತದೆ. ನಾನು ಜೊಟೆರೋಗೆ ನಿಂತೆ. ಖಾತೆ ಇಲ್ಲದೆಯೂ ನಡೆಯುತ್ತದೆ, ನಾನು ಬರೆಯುವ ಲಿಬ್ರೆ ಆಫೀಸ್ ತಂತ್ರಾಂಶಕ್ಕೂ ಕೂಡುತ್ತದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಅದೇ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಹಾಕಿದರೆ ಪುಸ್ತಕದ ವಿವರ ತಾನೇ ಎಳೆದುಕೊಳ್ಳುತ್ತದೆ. ಕನ್ನಡದ ಹಳೆಯ ಪುಸ್ತಕಗಳಲ್ಲಿ ಐಎಸ್‌ಬಿಎನ್ ಎಲ್ಲಿರುತ್ತದೆ? ಅವನ್ನು ಕೈಯಲ್ಲೇ ತುಂಬಬೇಕು.

ತುಂಬುವಾಗ ಹೆಸರು ನೋಡಿಕೊಳ್ಳಿ. ಇಂಥ ತಂತ್ರಾಂಶಗಳೆಲ್ಲ ಹೆಸರನ್ನು ಎರಡು ಭಾಗ ಮಾಡುತ್ತವೆ, ಮನೆತನದ್ದೊಂದು, ಸ್ವಂತದ್ದೊಂದು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ, ಊರು ಅಪ್ಪ ಸೇರಿ ಇನಿಷಿಯಲ್. ನಾನು ಅವಸರದಲ್ಲಿ "ಶ್ರೀನಿವಾಸ್ ಎಂ.ಎನ್." ಅಂತ ತಿರುಗಾಮುರುಗಾ ತುಂಬಿದ್ದೆ. ಪಟ್ಟಿಯಲ್ಲಿ ಬಂದಿದ್ದು "ಎಂ.ಎನ್., ಎಸ್." ನಮ್ಮ ಮೈಸೂರಿನ ದೊಡ್ಡ ಸಮಾಜಶಾಸ್ತ್ರಜ್ಞರನ್ನು ಒಂದು ಎಸ್ ಮಾಡಿಬಿಟ್ಟಿದ್ದೆ.

ಅವರ ಹೆಸರು ಬಂತಲ್ಲ, ಬ್ಯಾಕಪ್ ಬಗ್ಗೆ ಬೇರೆ ಉಪದೇಶ ಬೇಕಾಗಿಲ್ಲ. ಮೈಸೂರು ಹತ್ತಿರದ ಹಳ್ಳಿಯಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವಿಂಗಡಿಸಿ ಸಿದ್ಧಪಡಿಸಿದ ಮೂರೂ ಪ್ರತಿಯನ್ನು ಅವರು ಒಂದೇ ಕಡೆ ಇಟ್ಟಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಯಾರೋ ಇಟ್ಟ ಬೆಂಕಿಗೆ ಮೂರೂ ಹೋದವು. ನೆನಪಿನ ಮೇಲೆ ಬರೆದ ಪುಸ್ತಕ 1976ರಲ್ಲಿ ಬಂತು. ಅವರು ಶ್ರೀನಿವಾಸ್, ಬರೆದರು. ನನ್ನ ಪ್ರತಿ ಪೆನ್‌ಡ್ರೈವ್‌ನಲ್ಲೊಂದು, ಆನ್‌ಲೈನ್‌ನಲ್ಲೊಂದು.

ಶೈಲಿಗಳ ಜಗಳ ಕೊನೆಗೆ ಉಳಿಯಿತು. ರೂಮ್‌ಮೇಟ್ ಇತಿಹಾಸದವನು, ಶಾಸನ ಉಲ್ಲೇಖಿಸಬೇಕು, ಅವನಿಗೆ ಅಡಿಟಿಪ್ಪಣಿಯ ಶಿಕಾಗೋ ಒಳ್ಳೆಯದು. ಬಿ.ಎಲ್. ರೈಸ್ 1894 ಮತ್ತು 1898ರಲ್ಲಿ ತಂದ ಮೈಸೂರು ಜಿಲ್ಲೆಯ ಶಾಸನ ಸಂಪುಟಗಳಲ್ಲೇ ಮಂಡ್ಯದ ಶಾಸನಗಳೂ ಇವೆ, ಮಂಡ್ಯ ಬೇರೆ ಜಿಲ್ಲೆ ಆಗಿದ್ದು 1939ರಲ್ಲಿ ತಾನೇ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬೇರೆ. ಯಾವ ಆವೃತ್ತಿ ಅಂತ ಹೇಳದೆ ಬರೀ ಶಾಸನದ ಸಂಖ್ಯೆ ಕೊಟ್ಟರೆ ಓದುವವರು ಇನ್ನೊಂದು ಶಾಸನದ ಮುಂದೆ ನಿಲ್ಲುತ್ತಾರೆ. ಇಷ್ಟೆಲ್ಲ ಹೇಳಲು ಲೇಖಕ, ವರ್ಷ ಅಷ್ಟೇ ಬರೆಯುವ ಎಪಿಎಯ ಆವರಣದಲ್ಲಿ ಜಾಗ ಎಲ್ಲಿ?

ನಮ್ಮ ವಿಭಾಗದ್ದು ಎಪಿಎ. ಅದರಲ್ಲಿ ಒಬ್ಬರ ಜೊತೆ ಖುದ್ದಾಗಿ ಆಡಿದ ಮಾತು ಪಠ್ಯದೊಳಗೆ ಆವರಣದಲ್ಲಿ ಮಾತ್ರ ಬರುತ್ತದೆ, ಕೊನೆಯ ಪಟ್ಟಿಗೆ ಸೇರುವಂತಿಲ್ಲ, ಓದುಗರು ಹೋಗಿ ನೋಡುವ ಹಾಗಿಲ್ಲವಲ್ಲ. ಎಂಎಲ್ಎ ಆಗಿದ್ದರೆ ಸಂದರ್ಶನ ಅಂತ ಪಟ್ಟಿಗೇ ಸೇರುತ್ತಿತ್ತು. ಬೈಂಡ್ ಮಾಡಿಸಿದ ಪ್ರತಿ ಹಿಡಿದು ಊರಿಗೆ ಹೋದಾಗ ತಾತ ಕನ್ನಡಕ ಹಾಕಿಕೊಂಡು ಹಿಂದಿನ ಪುಟಗಳನ್ನೇ ತಿರುಗಿಸಿದರು.

"ನನ್ನ ಹೆಸರು ಎಲ್ಲಿ ಹಾಕಿದ್ದೀಯಲಾ?"

"ಪಟ್ಟಿಯಲ್ಲಿ ಇಲ್ಲ ತಾತ. 23ನೇ ಪುಟ ತೆಗೀರಿ, ಆವರಣದೊಳಗೆ ಇದೆ. ತಾರೀಖು ಸಮೇತ."