ಆಟದ ಸೋನಾರ್ ನೋಡಲೆಂದು ಸೆಕೆಂಡ್ ಹ್ಯಾಂಡ್ ಟಿವಿ ಕೊಳ್ಳುವವರೇ, ಹುಷಾರು

ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರಿಂದ ಬಳಸಿದ ಎಲ್‌ಇಡಿ ಟಿವಿ ತಂದು ಕಂಪ್ಯೂಟರಿಗೆ ಜೋಡಿಸಿದೆ. ಗೇಮಿಂಗ್‌ಗೆ ಬೇಕಾದ ಸೆಟ್ಟಿಂಗ್‌ಗಳೆಲ್ಲ ಸಿದ್ಧವಿವೆ ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಕಾರು ಓಟದ ಆಟಕ್ಕೆ ಆ ಮಾತು ನಿಜವಿರಬಹುದು, ಜಲಾಂತರ್ಗಾಮಿ ಆಟಕ್ಕೆ ಖಂಡಿತ ಅಲ್ಲ.

ನಾವು ಆಡುವುದು 2005ರ ‘ಡೇಂಜರಸ್ ವಾಟರ್ಸ್’. ನೀರಿನೊಳಗಿನ ಸದ್ದು ಹಿಡಿದು ಹಡಗು ಪತ್ತೆ ಮಾಡುವ ಸಾಧನವೇ ಸೋನಾರ್. ಎಲ್ಲ ಸ್ವರದ ಸದ್ದನ್ನೂ ಒಟ್ಟಿಗೆ ತೋರಿಸುವ ಆಟದ ಬ್ರಾಡ್‌ಬ್ಯಾಂಡ್ ಸೋನಾರ್ ಪರದೆಯಲ್ಲಿ ಅಡ್ಡಕ್ಕೆ ದಿಕ್ಕು, ಉದ್ದಕ್ಕೆ ಸಮಯ. ದೂರದ ಹಡಗು ಅಲ್ಲಿ ಹೊಳೆಯುವುದಿಲ್ಲ. ಕಡಲಿನ ಗದ್ದಲ ಚೆಲ್ಲಿದ ಮಂಕು ಚುಕ್ಕೆಗಳ ನಡುವೆ, ಒಂದೇ ದಿಕ್ಕಿನಲ್ಲಿ ತುಸುವೇ ಹೆಚ್ಚು ಬೆಳಕು ಕೂಡುತ್ತಾ ಹೋಗಿ ಗೆರೆಯಾಗುತ್ತದೆ. ನಮ್ಮ ನೌಕಾಪಡೆಯ ಸಿಂಧುಘೋಷ್ ವರ್ಗದ್ದೇ ಆದ ಕಿಲೋ ಜಲಾಂತರ್ಗಾಮಿ ಹೆಚ್ಚು ಸದ್ದಿಲ್ಲದೆ ಬ್ಯಾಟರಿಯಲ್ಲಿ ಓಡುತ್ತಿದ್ದರಂತೂ ಗೆರೆ ಇದೆಯೋ ಇಲ್ಲವೋ ಎಂಬಂತಿರುತ್ತದೆ. ಆಟದ ಸೊಗಸೆಲ್ಲ ಅದನ್ನು ಹುಡುಕುವುದರಲ್ಲೇ ಇದೆ.

ಈ ಟಿವಿಯಲ್ಲಿ ಗೆರೆಯೇ ಮೂಡಲಿಲ್ಲ, ನೇರವಾಗಿ ಟಾರ್ಪೆಡೊ ಬಂತು. ಸೋನಾರನ್ನು ಆಟದ ಆಟೋಕ್ರೂಗೆ, ಅಂದರೆ ನಮ್ಮ ಬದಲು ಕೆಲಸ ಮಾಡುವ ಕಂಪ್ಯೂಟರ್ ಸಿಬ್ಬಂದಿಗೆ, ಒಪ್ಪಿಸಿದರೆ ಅದು ಅದೇ ಶತ್ರುವನ್ನು ಹಿಡಿದು ಹೇಳುತ್ತಿತ್ತು. ಅದು ನಮ್ಮ ಪರದೆಯನ್ನು ನಂಬಿಲ್ಲ, ಆಟದ ಒಳಗಿನ ಲೆಕ್ಕವನ್ನು ನಂಬಿದೆ. ಅರಸೀಕೆರೆಯ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಅದೇ ಕಾರ್ಯಾಚರಣೆ ತೆರೆದಾಗ ಗೆರೆ ಕಣ್ಣಿಗೇ ಕಂಡಿತು.

ಕಾರಣ ಎರಡಿದ್ದವು. ಕಂಪ್ಯೂಟರ್ ಬಣ್ಣದ ಮಟ್ಟಗಳನ್ನು 0ಯಿಂದ (ಅಪ್ಪಟ ಕಪ್ಪು) 255ರವರೆಗೆ (ಅಪ್ಪಟ ಬಿಳುಪು) ಕಳಿಸುತ್ತಿತ್ತು, ಟಿವಿ 16ರಿಂದ 235ರವರೆಗಿನದೆಂದು ಓದುತ್ತಿತ್ತು. ಹಾಗಾಗಿ 16ಕ್ಕಿಂತ ಕೆಳಗಿನ ಛಾಯೆಗಳೆಲ್ಲ ಒಂದೇ ಕಪ್ಪಾದವು. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ವ್ಯಾಪ್ತಿಯನ್ನು ಸೀಮಿತಗೊಳಿಸಿ ಇದನ್ನು ಸರಿಪಡಿಸಿದೆ. ಅದಕ್ಕಿಂತ ಕೆಟ್ಟದ್ದು ಚಿತ್ರದ ಕಾಳುಕಾಳನ್ನು ನಯ ಮಾಡುವ ಟಿವಿಯ ನಾಯ್ಸ್ ರಿಡಕ್ಷನ್. ಸೋನಾರಿನ ಚುಕ್ಕೆಗಳನ್ನು ಅದು ಕೆಟ್ಟ ಸಿಗ್ನಲ್ ಎಂದು ಬಗೆದು ಒರೆಸಿಹಾಕುತ್ತದೆ, ಗೆರೆಯೂ ಜೊತೆಗೇ ಹೋಗುತ್ತದೆ. ಈ ಟಿವಿಯಲ್ಲಿ ಅದನ್ನು ಆಫ್ ಮಾಡುವ ದಾರಿಯೇ ಇರಲಿಲ್ಲ. ಅಂಗಡಿಯವರು ವಾಪಸ್ ಪಡೆಯಲಿಲ್ಲ. ಚಿತ್ರ ಚೆನ್ನಾಗಿ ಬರುತ್ತಿದೆಯಲ್ಲ ಎಂಬುದೇ ಅವರ ವಾದ. ಸಿನಿಮಾ ನೋಡುವವರಿಗೆ ಬರುತ್ತದೆ, ಸ್ವಾಮಿ!

ಅಂಗಡಿಯಲ್ಲಿ ಪೆನ್‌ಡ್ರೈವ್ ಚುಚ್ಚಿ ಹಾಡು ತೋರಿಸಿದರೆ ಒಪ್ಪಬೇಡಿ. ಪೆನ್‌ಡ್ರೈವಿನ ಚಿತ್ರವನ್ನು ಟಿವಿ ತಾನೇ ಓದುವುದರಿಂದ ವ್ಯಾಪ್ತಿಯ ದೋಷ ಅಲ್ಲಿ ಕಾಣಿಸುವುದೇ ಇಲ್ಲ. ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಎಚ್‌ಡಿಎಂಐನಲ್ಲಿ ಜೋಡಿಸಿ, ಸೋನಾರ್ ಪರದೆ ತೆರೆದು, ನಾಯ್ಸ್ ರಿಡಕ್ಷನ್ ಮತ್ತು ಡೈನಾಮಿಕ್ ಕಾಂಟ್ರಾಸ್ಟ್ (ದೃಶ್ಯಕ್ಕೆ ತಕ್ಕಂತೆ ಕಪ್ಪು-ಬಿಳುಪನ್ನು ಟಿವಿ ತಾನೇ ಬದಲಿಸುವುದು) ಎರಡನ್ನೂ ನೀವೇ ಆಫ್ ಮಾಡಿ ನೋಡಿ. ಹಿಂತಿರುಗಿಸುವ ಅವಧಿಯನ್ನು ರಸೀದಿಯಲ್ಲಿ ಬರೆಸಿಕೊಳ್ಳದೆ ಹಣ ಕೊಡಬೇಡಿ.