ಕಲಬುರಗಿಯಿಂದ ಬೆಂಗಳೂರಿಗೆ ಪ್ರೈವೇಟ್ ಎಸಿ ಸ್ಲೀಪರ್ ಬುಕ್ ಮಾಡೋರು ದಯವಿಟ್ಟು ಓದಿ

ಹಬ್ಬ ಮುಗಿಸಿ ಬೆಂಗಳೂರಿಗೆ ವಾಪಸ್ ಹೊರಡೋರು, ಬಸ್ಸಿನ ಟಿಕೆಟ್ ತೆಗೆಯೋ ಮುಂಚೆ ಇದನ್ನೊಮ್ಮೆ ಓದಿ. ಟ್ರಾವೆಲ್ಸ್ ಹೆಸರು ಹಾಕ್ತಿಲ್ಲ. ಹಾಕಿದರೆ ಕೇಸು ಗೀಸು ಅಂತ ಶುರು ಮಾಡ್ತಾರೆ. ಹೆಸರು ಬೇಕಾಗಿಯೂ ಇಲ್ಲ ಬಿಡಿ, ಸೀಸನ್‌ನಲ್ಲಿ ಈ ಆಟ ಆಡೋರು ಒಬ್ಬರೇ ಏನಲ್ಲ.

ತಮ್ಮನಿಗೆ ಬೆಂಗಳೂರಿನ ಮಲ್ಲೇಶ್ವರದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಚೇರಿಯಲ್ಲಿ ಬೆಳಿಗ್ಗೆ ದಾಖಲೆ ಪರಿಶೀಲನೆ ಇತ್ತು. ಅವ್ವನೂ ಜೊತೆಗೆ ಹೊರಟಿದ್ದಳು. ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈಯಿಂದಲೇ ತುಂಬಿಕೊಂಡು ಬರುತ್ತೆ, ವೇಟಿಂಗ್ ಲಿಸ್ಟ್ ಬಿಟ್ಟು ಬೇರೇನೂ ಸಿಗಲಿಲ್ಲ. ತತ್ಕಾಲ್ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ ಓಪನ್ ಆಗುತ್ತೆ, ಓಟಿಪಿ ಬರೋದರೊಳಗೆ ಸೀಟು ಖಾಲಿ. 2024ರ ಮಾರ್ಚ್‌ನಿಂದ ನಮ್ಮೂರಿಂದಲೇ ವಂದೇ ಭಾರತ್ ಇದೆ, ಒಳ್ಳೆಯದೇ. ಆದರೆ ಅದು ನಸುಕಿನಲ್ಲಿ ಬಿಟ್ಟು ಮಧ್ಯಾಹ್ನ ಮುಟ್ಟೋ ಗಾಡಿ. ಬೆಳಗಿನ ಕೆಲಸ ಇದ್ದವರು ಹಿಂದಿನ ದಿನವೇ ಹೋಗಿ ರೂಮ್ ಮಾಡಬೇಕು. ಸರ್ಕಾರಿ ಸ್ಲೀಪರ್ ಎಲ್ಲ ಫುಲ್. ಉಳಿದದ್ದು ಪ್ರೈವೇಟ್. ಮಾಮೂಲಿ ದರಕ್ಕಿಂತ ಎರಡರಷ್ಟಕ್ಕೂ ಜಾಸ್ತಿ ಕೊಟ್ಟೆವು. ಅದಕ್ಕೆ ಈ ಬರಹ ಅಲ್ಲ. ಹಬ್ಬದ ದರದ ಬಗ್ಗೆ ಬೈಯೋದನ್ನ ನಾವೆಲ್ಲ ಯಾವತ್ತೋ ಬಿಟ್ಟಿದ್ದೇವೆ, ಅಲ್ವಾ?

ರಾಮಮಂದಿರ ಸರ್ಕಲ್‌ನಲ್ಲಿ ಕಾದೆವು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, "ಬರ್ಲಕತ್ತದರೀ, ಹತ್ತು ನಿಮಿಷ." ಕೊನೆಗೆ ಬಂದ ಬಸ್ಸಿನ ಮೇಲೆ ಬೇರೆಯದೇ ಹೆಸರು. ಮೆಸೇಜ್‌ನಲ್ಲಿ ಬಂದಿದ್ದು ಕೆಎ ನಂಬರ್, ಎದುರಿಗೆ ನಿಂತಿದ್ದು ಎನ್‌ಎಲ್ ನಂಬರ್. ಎನ್‌ಎಲ್ ಅಂದರೆ ನಾಗಾಲ್ಯಾಂಡ್! ಕೇಳಿದರೆ ಕ್ಲೀನರ್ ಹುಡುಗ, "ಅದೇ ಬಸ್ ಅಕ್ಕಾ, ಗಾಡಿ ಅಷ್ಟೇ ಚೇಂಜ್ ಆಗ್ಯಾದ" ಅಂದ. ಅದೇ ಬಸ್ಸಂತೆ, ಗಾಡಿ ಚೇಂಜಂತೆ. ಅವ್ವ ಆಗಲೇ ಹತ್ತಿಬಿಟ್ಟಿದ್ದಳು. ಹಿಂದಿನವರು ತಳ್ಳುತ್ತಿದ್ದರು. ಹತ್ತಿದೆವು.

ಜೇವರ್ಗಿ ದಾಟಿದರೂ ಎಸಿ ತಣ್ಣಗಾಗಲಿಲ್ಲ. ಎಸಿ ಬಸ್ಸಿನ ಗಾಜು ತೆಗೆಯೋಕೂ ಬರಲ್ಲ. ಒಳಗೆ ಪರದೆ ಎಳೆದ ಬರ್ತ್, ಉಸಿರು ಕಟ್ಟುತ್ತಿತ್ತು. ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಕ್ಲೀನರ್‌ನ ಕರೆದರೆ, "ಗ್ಯಾಸ್ ಖಾಲಿ ಆಗ್ಯಾದ ಅಕ್ಕಾ, ಮುಂದ ಲಿಂಗಸುಗೂರಿನ್ಯಾಗ ತುಂಬಸ್ತೀವಿ." ನಡುರಾತ್ರಿ ಲಿಂಗಸುಗೂರಿನಲ್ಲಿ ಬಸ್ಸಿಗೆ ಎಸಿ ಗ್ಯಾಸ್ ತುಂಬೋರು ಯಾರಪ್ಪಾ?

ತಲೆ ಮೇಲಿನ ಎಸಿ ಕಿಂಡಿಗೆ ಬೆರಳು ಹಾಕಿ ನೋಡಿದೆ. ಏನೋ ಚುಚ್ಚಿತು. ಎಳೆದರೆ ಮಡಚಿ ತುರುಕಿದ ನ್ಯೂಸ್ ಪೇಪರ್. ಹಳದಿ ಬಣ್ಣಕ್ಕೆ ತಿರುಗಿತ್ತು, ಧೂಳು ಕಟ್ಟಿತ್ತು, ಮುಟ್ಟಿದರೆ ಪುಡಿ ಪುಡಿ. ಪಕ್ಕದ ಬರ್ತ್‌ನಲ್ಲೂ ಅದೇ. ಆಗ ಮೈ ಉರಿಯಿತು ನೋಡಿ. ಇವತ್ತು ಕೆಟ್ಟ ಎಸಿಗೆ ಯಾರೂ ಪೇಪರ್ ತುರುಕಲ್ಲ. ಈ ಬಸ್ಸಿನಲ್ಲಿ ಎಸಿ ಇಲ್ಲ ಅನ್ನೋದು ಟಿಕೆಟ್ ಮಾರುವಾಗಲೇ ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಎಸಿ ದುಡ್ಡು ತಗೊಂಡರು. ಡ್ರೈವರ್ ಹತ್ತಿರ ಆ ಪೇಪರ್ ಹಿಡಿದು ಹೋದೆ. ತಿರುಗಿಯೂ ನೋಡದೆ, "ಎಸಿ ಬೇಕಂದ್ರ ಇಳೀರಿ, ಹಿಂದಿನ ಬಸ್ಸಿಗಿ ಬರ್ರಿ" ಅಂದ. ಹಿಂದೆ ಯಾವ ಬಸ್ಸೂ ಇರಲಿಲ್ಲ. ಎಲ್ಲರೂ ಪರದೆ ಸರಿಸಿ ನನ್ನನ್ನೇ ನೋಡ್ತಿದ್ದರು. ಕೈಯಲ್ಲಿ ಪೇಪರ್ ಚೂರು ಹಿಡ್ಕೊಂಡು ನಿಂತಿದ್ದ ಆ ನಾಚಿಕೆ ಇನ್ನೂ ಹೋಗಿಲ್ಲ.

ಡ್ರೈವರ್ ಹತ್ತಿರದಿಂದ ಬರ್ತ್‌ಗೆ ವಾಪಸ್ ಬರುವಾಗ ಕಂಡಿದ್ದು ಇನ್ನೊಂದು. ಎಮರ್ಜೆನ್ಸಿ ಬಾಗಿಲಿಗೆ ಅಡ್ಡ ಪಾರ್ಸೆಲ್ ಮೂಟೆಗಳು, ಸೀಲಿಂಗ್‌ವರೆಗೆ. 2025ರ ಅಕ್ಟೋಬರ್‌ನಲ್ಲಿ ಕರ್ನೂಲು ಹತ್ತಿರ ಹೈದರಾಬಾದ್–ಬೆಂಗಳೂರು ಸ್ಲೀಪರ್ ಬಸ್ ಸುಟ್ಟು ಅಷ್ಟು ಜನ ಸತ್ತರಲ್ಲ, ಅದರಲ್ಲೂ ಮೊಬೈಲ್ ಫೋನ್ ಪಾರ್ಸೆಲ್ ಇತ್ತು ಅಂತ ಪೇಪರ್‌ನಲ್ಲಿ ಬಂದಿತ್ತು. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಟಿಕೆಟ್‌ನಲ್ಲಿ ಆನಂದರಾವ್ ಸರ್ಕಲ್ ಅಂತ ಇದ್ದರೂ ಗೊರಗುಂಟೆಪಾಳ್ಯದಲ್ಲೇ ಇಳಿಸಿದರು. ತಮ್ಮ ಆಟೋದಲ್ಲೇ ಬಾಟಲಿ ನೀರಲ್ಲಿ ಮುಖ ತೊಳೆದು ಓಡಿದ. ಸರದಿ ತಪ್ಪಲಿಲ್ಲ, ಪುಣ್ಯ.

ನಾನು ಕೇಳಿದ್ದು ಪೂರ್ತಿ ದುಡ್ಡೂ ಅಲ್ಲ. ಎಸಿಗೂ ನಾನ್ ಎಸಿಗೂ ಇರೋ ವ್ಯತ್ಯಾಸ ಕೊಡಿ ಅಂದೆ ಅಷ್ಟೇ. ಆ್ಯಪ್‌ನವರು: "ಬಸ್ ಬದಲಾವಣೆ ಆಪರೇಟರ್ ನಿರ್ಧಾರ ಮೇಡಂ, ನಾವು ಮಧ್ಯವರ್ತಿ ಮಾತ್ರ." ಟ್ರಾವೆಲ್ಸ್ ಆಫೀಸಿನವರು: "ಆ್ಯಪ್‌ದಾಗ ಬುಕ್ ಮಾಡೀರಿ, ಅಲ್ಲೇ ಕೇಳ್ರಿ." ಮತ್ತೆ ಆ್ಯಪ್, ಮತ್ತೆ ಆಫೀಸು. ಕಡೆಗೆ ಆಫೀಸಿನವನು ಹೇಳಿದ್ದು ಕೇಳಿ: "ಬೆಂಗಳೂರು ಮುಟ್ಟೀರಿಲ್ಲೋ? ಮುಟ್ಟೀರಲ್ಲ, ಮತ್ತೇನ್ರಿ?" ಹೌದಪ್ಪಾ, ಜೀವಂತ ಮುಟ್ಟಿಸಿದ್ದಕ್ಕೆ ಕೈ ಮುಗೀಬೇಕಿತ್ತು. ಆ್ಯಪ್‌ಗೆ ಪೇಪರ್ ತುರುಕಿದ ಕಿಂಡಿಯ ಫೋಟೋ ಕಳಿಸಿದೆ. ಉತ್ತರ: "ಫೋಟೋದಲ್ಲಿ ಬಸ್ ನಂಬರ್ ಕಾಣುತ್ತಿಲ್ಲ." ಬರ್ತ್ ಒಳಗೆ ಮಲಗಿ ತೆಗೆದ ಫೋಟೋದಲ್ಲಿ ನಂಬರ್ ಪ್ಲೇಟ್ ಎಲ್ಲಿಂದ ಬರುತ್ತೆ? ಆಮೇಲೆ ದೊಡ್ಡ ಮನಸ್ಸು ಮಾಡಿ ಒಂದು ಕೂಪನ್ ಕಳಿಸಿದರು. ಮುಂದಿನ ಪ್ರಯಾಣಕ್ಕೆ. ಅದೇ ಟ್ರಾವೆಲ್ಸ್‌ನಲ್ಲಿ. ಕೂಪನ್!

ಅದಕ್ಕೇ ಹೇಳ್ತಿದ್ದೀನಿ. ರೈಲಿನ ಬುಕಿಂಗ್ 60 ದಿನ ಮುಂಚೆ ಓಪನ್ ಆಗುತ್ತೆ, ತಾರೀಕು ಗೊತ್ತಿದ್ದರೆ ಅವತ್ತೇ ತೆಗೀರಿ. ಇಲ್ಲಾಂದ್ರೆ ಸರ್ಕಾರಿ ನಾನ್ ಎಸಿ ಬಸ್ಸೇ ವಾಸಿ, ಕಿಟಕಿಯಾದರೂ ತೆಗೆಯಬಹುದು. ಪ್ರೈವೇಟೇ ಗತಿ ಅಂದರೆ ಹತ್ತೋ ಮುಂಚೆ ನಂಬರ್ ಪ್ಲೇಟ್‌ನಿಂದ ಶುರು ಮಾಡಿ ಬರ್ತ್‌ವರೆಗೆ ಒಂದೇ ವಿಡಿಯೋ ಮಾಡಿಕೊಳ್ಳಿ, ನಡುವೆ ಕಟ್ ಮಾಡಬೇಡಿ. ಕಿಂಡಿಗೆ ಬೆರಳು ಹಾಕಿ ನೋಡೋದು ಮರೀಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಇನ್ನೂ ಏನೂ ಆಗಿಲ್ಲ. ಹೀಗೆ ಬಸ್ ಬದಲಾಯಿಸಿದ್ದಕ್ಕೆ ನಿಮ್ಮಲ್ಲಿ ಯಾರಿಗಾದರೂ ನಿಜವಾಗಿ ದುಡ್ಡು ವಾಪಸ್ ಬಂದಿದ್ದರೆ, ಯಾರನ್ನ ಹಿಡಿದು ಕೇಳಿದಿರಿ ಅಂತ ದಯವಿಟ್ಟು ತಿಳಿಸಿ. ಕೂಪನ್ ಬಂದವರು ಹೇಳೋದು ಬೇಡ.