ವಿಮಾನದೊಳಗೆ ಐದು ಅಂಕ, ಕೌಂಟರಿನಲ್ಲಿ ಒಂದು

ಹೈದರಾಬಾದಿನಿಂದ ದೆಹಲಿಗೆ ಹೋಗುವ ಬೆಳಗಿನ ವಿಮಾನವೊಂದರ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ವಿಮಾನದೊಳಗಿನ ಸಿಬ್ಬಂದಿಗೆ ಐದಕ್ಕೆ ಐದು ಅಂಕ. ಅದೇ ಸಂಸ್ಥೆಯ ಚೆಕ್-ಇನ್ ಕೌಂಟರಿಗೆ ಒಂದು, ಅದೂ ಕೊನೆಗೆ ತಾವಾಗಿಯೇ ಬಂದು ಕ್ಷಮೆ ಕೇಳಿದ ಮೇಲ್ವಿಚಾರಕಿಯ ಮುಖ ನೋಡಿ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಲಿಖಿತ ದೂರು ಕೊಟ್ಟಿದ್ದೇನೆ, ಅವರ ಉತ್ತರ ಬರುವ ಮೊದಲೇ ಹೆಸರು ಹಿಡಿದು ಆಡುವುದು ನ್ಯಾಯವಲ್ಲ.

ನಾನು ಕಲಬುರಗಿಯಲ್ಲಿ ತೀವ್ರ ನಿಗಾ ಘಟಕದ ನರ್ಸ್. ಜೊತೆಗಿದ್ದವರು ನನ್ನ ಅತ್ತೆ. ಅವರ ಎರಡೂ ಮೊಣಕಾಲು ಸವೆದಿವೆ, ರಕ್ತದೊತ್ತಡಕ್ಕೆ ಮಾತ್ರೆ ನಡೆದಿದೆ, ವಿಮಾನ ಹತ್ತುವುದು ಇದೇ ಮೊದಲು. ದೆಹಲಿಯಲ್ಲಿರುವ ಮೈದುನನ ಮನೆಗೆ ಹೊರಟಿದ್ದೆವು. ನಮ್ಮೂರಿಗೂ ವಿಮಾನ ನಿಲ್ದಾಣವಿದೆ. ಸರಡಗಿಯ ಬಳಿ 3,175 ಮೀಟರ್ ಉದ್ದದ ರನ್‌ವೇ ಇರುವ ಆ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಆದರೂ ದೆಹಲಿಗೆಂದು ನಾವು ಹಿಡಿದದ್ದು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದಿನ ದಾರಿಯನ್ನೇ. ಸೇಡಂ ರಸ್ತೆಯಲ್ಲಿ ನಮ್ಮದೇ ನಿಲ್ದಾಣವನ್ನು ಹಿಂದೆ ಬಿಟ್ಟು, ಮಳಖೇಡ, ಸೇಡಂ, ಕೊಡಂಗಲ್ ದಾಟಿ ರಾತ್ರಿಯೆಲ್ಲ ಕಾರಿನಲ್ಲಿ ಕೂರುವಾಗ ನನಗೆ ಸಂಕಟವಾಗುತ್ತದೆ. ಹೀಗೆ ಬೆಳಗಿನ ವಿಮಾನಕ್ಕೆ ಬರುವ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹಿರಿಯರು ನಿದ್ದೆಗೆಟ್ಟು, ಹಸಿದು, ನೀರು ಕುಡಿಯದೆ ಸೀಟಿನಲ್ಲಿ ಕೂತಿರುತ್ತಾರೆ.

ಮೊದಲು ವೀಲ್‌ಚೇರಿನ ವಿಷಯ. ಈ ನೆರವಿಗೆ 48 ತಾಸು ಮೊದಲು ತಿಳಿಸಬೇಕು. ನಾನು ಟಿಕೆಟ್ ಮಾಡಿದ ದಿನವೇ ತಿಳಿಸಿದ್ದೆ. ಈ ಕೋರಿಕೆಯಲ್ಲಿ ಮೂರು ಬಗೆಗಳಿವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ದೂರ ನಡೆಯಲಾಗದು, ಆದರೆ ಮೆಟ್ಟಿಲು ಹತ್ತಬಲ್ಲರು ಎನ್ನುವವರಿಗೆ ‘ಆರ್’. ಮೆಟ್ಟಿಲು ಹತ್ತಲಾಗದವರಿಗೆ ‘ಎಸ್’. ಸೀಟಿನವರೆಗೂ ಒಯ್ದು ಕೂರಿಸಬೇಕಾದವರಿಗೆ ‘ಸಿ’. ನಾನು ಬರೆಸಿದ್ದು ‘ಎಸ್’. ಕೌಂಟರಿನ ಹುಡುಗ ನಮ್ಮನ್ನು ಒಂದು ಮಾತೂ ಕೇಳದೆ ಅದನ್ನು ‘ಆರ್’ ಎಂದು ಬದಲಿಸಿದ. ಅತ್ತೆ ಅವನ ಎದುರು ಎದ್ದು ನಿಂತಿದ್ದರು. ನಿಂತವರು ಹತ್ತಿಯೂ ಹತ್ತುತ್ತಾರೆ ಎಂದು ಅವನು ತಾನೇ ತೀರ್ಮಾನಿಸಿದ್ದ.

ಅದರ ಪರಿಣಾಮ ಕಂಡದ್ದು ವಿಮಾನದ ಬುಡದಲ್ಲಿ. ಅಂದು ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ಒಯ್ಯುವ ಏರೋಬ್ರಿಡ್ಜ್ ಇರಲಿಲ್ಲ, ಬಸ್ಸಿನಲ್ಲಿ ಕರೆದೊಯ್ದು ಏಣಿಯ ಮುಂದೆ ಇಳಿಸಿದರು. “ನಿಧಾನಕ್ಕೆ ಹತ್ತಿ, ಅಮ್ಮಾ” ಎಂದರು. ನಾಲ್ಕು ಜನರ ಮುಂದೆ ಆಗುವುದಿಲ್ಲ ಎನ್ನಲು ನಾಚಿದ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೇಬಿಟ್ಟರು. ನಾನು ತಡೆದು ನಿಲ್ಲಿಸಿದೆ. ಆಮೇಲೆ ಆಂಬುಲಿಫ್ಟ್ ಬಂತು. ಅದು ಲಾರಿಯ ಮೇಲೆ ಕೂರಿಸಿದ ಸಣ್ಣ ಕೋಣೆ. ವೀಲ್‌ಚೇರ್ ಸಮೇತ ಮೇಲೇರಿ ವಿಮಾನದ ಬಾಗಿಲಿಗೆ ತಾಗಿ ನಿಲ್ಲುತ್ತದೆ. ಅದು ಬರುವವರೆಗೆ ಉಳಿದವರೆಲ್ಲ ಹತ್ತಿ ಕೂತಿದ್ದರು, ತಡವಾದದ್ದಕ್ಕೆ ಕೆಲವರು ನಮ್ಮನ್ನೇ ದಿಟ್ಟಿಸಿ ನೋಡಿದರು. ಒಂದು ಅಕ್ಷರ ಬದಲಿಸಿದ್ದರಿಂದ ಒಬ್ಬ ಹಿರಿಯ ಹೆಂಗಸು ಇಷ್ಟೆಲ್ಲ ಅನುಭವಿಸಬೇಕಾಯಿತು.

ಚೀಲದಿಂದ ಒಣ ಕೊಬ್ಬರಿ ತೆಗೆಸಿದ್ದಕ್ಕೆ ಮಾತ್ರ ನನ್ನ ತಕರಾರಿಲ್ಲ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದಕ್ಕೇ ನಿರ್ಬಂಧ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೈದುನನಿಗೆಂದು ಒಯ್ದ ನಮ್ಮೂರ ತೊಗರಿ ಬೇಳೆ ಎಲ್ಲವೂ ಸುರಕ್ಷಿತವಾಗಿ ತಲುಪಿದವು. ಆದರೆ ಕಾರಣ ಹೇಳದೆ ತೆಗೆದು ಪಕ್ಕಕ್ಕಿಟ್ಟರೆ ಜನರಿಗೆ ಕಿತ್ತುಕೊಂಡಂತೆ ಅನಿಸುತ್ತದೆ. ಕಾರಣ ಹೇಳಲು ಅರ್ಧ ನಿಮಿಷ ಸಾಕಿತ್ತು.

ಒಳಗೆ ಹೋದ ಮೇಲೆ ಎಲ್ಲವೂ ಬೇರೆ. ಪ್ರತಿ 50 ಸೀಟಿಗೆ ಒಬ್ಬರು ಸಿಬ್ಬಂದಿ ಇರಬೇಕೆಂಬ ನಿಯಮದಂತೆ ನಾಲ್ವರಿದ್ದರು. ನಮ್ಮ ಸಾಲಿನ ಕಡೆಯ ಗಗನಸಖಿಗೆ ಕನ್ನಡ ಬಾರದು. ಅತ್ತೆ ತಮ್ಮ ಕಲಬುರಗಿ ಬಜಾರಿನ ಹಿಂದಿಯಲ್ಲೇ “ಬೇಟಿ” ಎಂದು ಕರೆದು ಪ್ರಶ್ನೆ ಕೇಳತೊಡಗಿದರು. ಆ ಹುಡುಗಿ ಒಂದಕ್ಕೂ ಮುಖ ತಿರುಗಿಸಲಿಲ್ಲ. ಕಿಟಕಿಯ ಪರದೆ ಏಕೆ ತೆರೆಸುತ್ತೀರಿ? ಹೊರಗೆ ಬೆಂಕಿಯೋ ಹೊಗೆಯೋ ಕಂಡರೆ ಯಾವ ಬದಿಯ ಬಾಗಿಲು ತೆರೆಯಬಾರದೆಂದು ನಮಗೆ ತಕ್ಷಣ ತಿಳಿಯಬೇಕು, ಅಮ್ಮಾ. ಆಮ್ಲಜನಕದ ಮಾಸ್ಕನ್ನು ಮೊದಲು ನಾನೇ ಹಾಕಿಕೊಳ್ಳಬೇಕೇ, ಪಕ್ಕದಲ್ಲಿ ಮೊಮ್ಮಗನಿದ್ದರೂ? ಈ ಪ್ರಶ್ನೆ ಕೇಳುವಾಗ ಅತ್ತೆಯ ಧ್ವನಿಯಲ್ಲಿ ಸಿಟ್ಟಿತ್ತು. ಹುಡುಗಿ ಮೊಣಕಾಲೂರಿ ಕೂತು ಉತ್ತರಿಸಿದಳು. 35,000 ಅಡಿ ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಒಮ್ಮೆಲೇ ಹೋದರೆ ಬುದ್ಧಿ ಸ್ವಾಧೀನದಲ್ಲಿರುವುದು ಒಂದು ನಿಮಿಷದೊಳಗೆ ಮಾತ್ರ. ನೀವು ಎಚ್ಚರವಿದ್ದರೆ ಮೊಮ್ಮಗನಿಗೂ ಹಾಕುತ್ತೀರಿ, ನೀವೇ ಬಿದ್ದರೆ ಇಬ್ಬರಿಗೂ ಇಲ್ಲ. ಮಾಸ್ಕಿನ ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರುತ್ತದೆ, ಗಾಬರಿಯಿಂದ ಕಿತ್ತು ಹಾಕಬೇಡಿ ಎಂದೂ ಹೇಳಿದಳು. ಅದು ಹನ್ನೆರಡು–ಹದಿನೈದು ನಿಮಿಷವಷ್ಟೇ ಬರುವುದು. ಅಷ್ಟರಲ್ಲಿ ಪೈಲಟ್ ಮಾಸ್ಕಿಲ್ಲದೆ ಉಸಿರಾಡಬಹುದಾದ 10,000 ಅಡಿಗೆ ವಿಮಾನವನ್ನು ಇಳಿಸಿರುತ್ತಾರೆ.

ನಾನು ಐದು ಅಂಕ ಕೊಟ್ಟದ್ದು ಮುಖ್ಯವಾಗಿ ಮುಂದಿನ ಪ್ರಶ್ನೆಗಾಗಿ. ಅತ್ತೆ ಸೇಡಂ ದಾಟಿದ ಮೇಲೆ ಒಂದು ಹನಿ ನೀರು ಕುಡಿದಿರಲಿಲ್ಲ. ವಿಮಾನದ ಶೌಚಾಲಯದ ಭಯ. ಬಾಗಿಲು ತೆರೆಯದಿದ್ದರೆ? ಹೊಲಸೆಲ್ಲ ಊರುಗಳ ಮೇಲೆ ಬೀಳುತ್ತದೆಯೇ? ಸೊಸೆಯಾದ ನನಗೂ ಹೇಳದ ಈ ಮಾತನ್ನು ಅವರು ಆ ಹುಡುಗಿಯ ಕಿವಿಯಲ್ಲಿ ಹೇಳಿದರು. ಅವಳು ಕೈಹಿಡಿದು ಕರೆದೊಯ್ದು, ಬಾಗಿಲಿನ ಚಿಲಕ ಸರಿಸಿದರೆ ಒಳಗಿನ ದೀಪ ಪೂರ್ತಿ ಹೊತ್ತಿಕೊಳ್ಳುವುದನ್ನು ತೋರಿಸಿದಳು. ಗುಂಡಿ ಒತ್ತಿದಾಗ ಬರುವ ದೊಡ್ಡ ಸದ್ದನ್ನು ಮೊದಲೇ ಒಮ್ಮೆ ಕೇಳಿಸಿದಳು. ಅದು ಗಾಳಿಯ ಸೆಳೆತದ ಸದ್ದು, ಎಲ್ಲವೂ ತೊಟ್ಟಿಯೊಂದಕ್ಕೆ ಹೋಗುತ್ತದೆ, ಇಳಿದ ಮೇಲೆ ಗಾಡಿ ಬಂದು ಖಾಲಿ ಮಾಡುತ್ತದೆ, ಒಳಗೆ ಸಿಕ್ಕಿಕೊಂಡರೆ ನಾವು ಹೊರಗಿನಿಂದ ತೆಗೆಯುತ್ತೇವೆ ಎಂದಳು. ಅತ್ತೆ ಮರಳಿ ಬಂದು ಎರಡು ಲೋಟ ನೀರು ಕುಡಿದರು. ರಕ್ತದೊತ್ತಡದ ಮಾತ್ರೆ ನುಂಗುವ ಎಷ್ಟು ಜನ ಹಿರಿಯರು ಈ ಒಂದು ನಾಚಿಕೆಗಾಗಿ ಒಣಗಿ ಕೂರುತ್ತಾರೋ!

ಅದರ ಅಪಾಯ ಅರ್ಧ ಗಂಟೆಯಲ್ಲೇ ಕಣ್ಣಿಗೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತವರೇ ಕುಸಿದರು. ಹಿಂದಿನ ರಾತ್ರಿಯಿಂದ ಅವರ ಹೊಟ್ಟೆಗೇನೂ ಬಿದ್ದಿರಲಿಲ್ಲ ಎಂದು ಅವರ ಮಗ ಆಮೇಲೆ ಹೇಳಿದ. ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಮೇಲಾಗಿ ಗಾಳಿಯಲ್ಲಿ ತೇವ ತೀರಾ ಕಡಿಮೆ. ಹಸಿದ, ಬಾಯಾರಿದ ದೇಹ ಅಲ್ಲಿ ಬೇಗ ಸೋಲುತ್ತದೆ.

ಸಿಬ್ಬಂದಿಯಲ್ಲಿ ಒಬ್ಬಳು ಅವರ ತಲೆ ಹಿಡಿದಳು, ಇನ್ನೊಬ್ಬ ಆಮ್ಲಜನಕದ ಸಣ್ಣ ಸಿಲಿಂಡರು ಮತ್ತು ಔಷಧದ ಪೆಟ್ಟಿಗೆ ತಂದ, ಮೂರನೆಯವಳು ಒಳಫೋನಿನಲ್ಲಿ ಕ್ಯಾಪ್ಟನ್ನಿಗೆ ಸುದ್ದಿ ಮುಟ್ಟಿಸಿ, ವೈದ್ಯರಿದ್ದಾರೆಯೇ ಎಂದು ಘೋಷಣೆ ಮಾಡಿದಳು. ವೈದ್ಯರಿರಲಿಲ್ಲ, ನಾನು ಎದ್ದೆ. ಮೊದಲು ನನ್ನ ಗುರುತಿನ ಚೀಟಿ ಕೇಳಿದರು. ಅದು ಸರಿಯಾದ ಕ್ರಮ, ಯಾರೋ ಬಂದು ರೋಗಿಯ ಮೈ ಮುಟ್ಟಬಾರದು. ಅಡುಗೆ ಕಟ್ಟೆಯ ಪಕ್ಕದ ನೆಲದಲ್ಲಿ ಮಲಗಿಸಿ, ಮಡಚಿದ ಹೊದಿಕೆಗಳ ಮೇಲೆ ಕಾಲು ಎತ್ತಿಟ್ಟೆವು. ಸ್ಟೆತಾಸ್ಕೋಪಿನಲ್ಲಿ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸದು. ಹಾಗಾಗಿ ರಕ್ತದೊತ್ತಡ ಅಳೆಯುವ ತೋಳಿನ ಪಟ್ಟಿಗೆ ಗಾಳಿ ತುಂಬಿ, ಬಿಡುತ್ತಾ, ಮಣಿಕಟ್ಟಿನ ನಾಡಿ ಬೆರಳಿಗೆ ಮರಳಿ ಸಿಕ್ಕ ಅಂಕಿಯನ್ನು ನೋಡಿಕೊಂಡೆ: 90. ಅಷ್ಟರಲ್ಲಿ ಅವರು ಕಣ್ಣು ತೆರೆದರು. ನಾಗಪುರದಲ್ಲಿ ಇಳಿಸಬೇಕಾದೀತೇ ಎಂದು ಕ್ಯಾಪ್ಟನ್ ಕೇಳಿಸಿದರು. ಆ ತೀರ್ಮಾನ ಅವರದ್ದೇ. ನಾನು ಕಂಡದ್ದನ್ನಷ್ಟೇ ಹೇಳಿದೆ. ಎದೆನೋವಿಲ್ಲ, ಮಾತು ತೊದಲುತ್ತಿಲ್ಲ, ಕೈಕಾಲು ಸರಿಯಾಗಿ ಆಡುತ್ತಿವೆ, ನಾಡಿ ಸುಧಾರಿಸಿದೆ. ಹಣ್ಣಿನ ರಸ ಕುಡಿಸಿದ ಮೇಲೆ ಒತ್ತಡ ಮೇಲೆ ಬಂತು, ವಿಮಾನ ದೆಹಲಿಗೇ ಹೋಯಿತು. ಇಳಿದ ಕೂಡಲೇ ಎಲ್ಲರನ್ನೂ ಕೂರಿಸಿ, ವೈದ್ಯಕೀಯ ತಂಡವನ್ನು ಮೊದಲು ಒಳಗೆ ಬಿಟ್ಟರು. ಚಹಾ ತರುವವರು ಎಂದು ಜನ ತಿಳಿದಿರುವ ಈ ನಾಲ್ವರ ನಿಜವಾದ ಕೆಲಸ ಇದು. ಆಸ್ಪತ್ರೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕೈಗಳು ಸಿಕ್ಕರೆ ನಾನು ಸಂತೋಷಪಡುತ್ತೇನೆ.

ತಿಂಡಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಸಿನೀರು ಹೊಯ್ದು ಕೊಡುವ ಡಬ್ಬಿಯ ಉಪ್ಪಿಟ್ಟು ಸಪ್ಪೆ, ಬೆಲೆ ಜಾಸ್ತಿ. ನಮ್ಮ ರೊಟ್ಟಿ ಬಿಚ್ಚಿ ತಿಂದೆವು, ಯಾರೂ ಬೇಡವೆನ್ನಲಿಲ್ಲ.

ದೂರಿನಲ್ಲಿ ಎರಡು ಬೇಡಿಕೆ ಇಟ್ಟಿದ್ದೇನೆ. ವೀಲ್‌ಚೇರಿನ ಬಗೆಯನ್ನು ಪ್ರಯಾಣಿಕರನ್ನು ಕೇಳದೆ ಬದಲಿಸಬಾರದು. ಸೀಟಿನ ಜೇಬಿನಲ್ಲಿಡುವ ಸುರಕ್ಷತಾ ಸೂಚನೆಯ ಹಾಳೆ ಕನ್ನಡದಲ್ಲೂ ಇರಬೇಕು, ಅದರಲ್ಲಿ ಶೌಚಾಲಯದ ಚಿತ್ರವೂ ಬೇಕು. ಮನೆಯ ಹಿರಿಯರನ್ನು ಕರೆದೊಯ್ಯುವವರು ಕೌಂಟರಿನಲ್ಲಿ “ವೀಲ್‌ಚೇರ್ ಬೇಕು” ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. “ಮೆಟ್ಟಿಲು ಹತ್ತಲಾಗುವುದಿಲ್ಲ” ಎಂದು ಬಿಡಿಸಿ ಹೇಳಿ, ಯಾವ ಅಕ್ಷರ ಬರೆದರು ಎಂದು ಕೇಳಿ. ನಾವು ಮರಳುವುದೂ ಇದೇ ಸಂಸ್ಥೆಯ ವಿಮಾನದಲ್ಲಿ. ಫೋನ್ ಮಾಡಿ ‘ಎಸ್’ ಎಂದೇ ದಾಖಲಾಗಿದೆಯೇ ಎಂದು ಕೇಳಿದ್ದೇನೆ, ಹೌದು ಎಂದಿದ್ದಾರೆ.